ಪಂಚಾಯಿತಿ ತನಕ ಬಂದ ಫೈಬರ್ ಮನೆಗೆ ಬರೋದು ಹೇಗೆ?

ಬೀಳಗಿ_ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ದು ಬೀಳಗಿ ತಾಲ್ಲೂಕಿನ ಹಳ್ಳಿ. ಗ್ರಾಮ ಪಂಚಾಯಿತಿ ಕಟ್ಟಡಕ್ಕೆ ಭಾರತ್‌ನೆಟ್ (ಹಳ್ಳಿಗಳಿಗೆ ನೆಟ್ ಕೊಡುವ ಕೇಂದ್ರದ ಯೋಜನೆ) ಫೈಬರ್, ಅಂದ್ರೆ ಬೆಳಕಿನಲ್ಲಿ ನೆಟ್ ತರುವ ಕೇಬಲ್, ಬಂದಿದೆ, ಅಲ್ಲಿ ನೆಟ್ ಚೆನ್ನಾಗೇ ಓಡುತ್ತದೆ. ಅಲ್ಲಿಂದ ನಮ್ಮ ಓಣಿ ಕೂಗಳತೆ ದೂರ. ಆದರೂ ಮನೆಯೊಳಗೆ ಮೊಬೈಲ್ ನೆಟ್ ಬಿಟ್ಟರೆ ಬೇರೆ ಗತಿ ಇಲ್ಲ, ಅದೂ ಮಾಳಿಗೆ ಹತ್ತಿದರೆ. ಸಂಜೆ ಹೊತ್ತಿಗಂತೂ ಏನೂ ತೆರೆಯಲ್ಲ. ನಮ್ಮ ಸ್ವಸಹಾಯ ಸಂಘದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಬಾಗಲಕೋಟೆ, ಹುಬ್ಬಳ್ಳಿಗೆ ಕಳಿಸುತ್ತೇವೆ. ಆರ್ಡರ್ ಬರೋದೆಲ್ಲ ವಾಟ್ಸಾಪ್‌ನಲ್ಲಿ, ದುಡ್ಡು ಫೋನ್‌ನಲ್ಲಿ. ನೆಟ್ ಇಲ್ಲ ಅಂದ್ರೆ ಅವತ್ತಿನ ವ್ಯಾಪಾರ ನಿಂತ ಹಾಗೆ.

ಆ ಫೈಬರನ್ನೇ ಮನೆಗಳಿಗೆ ಎಳೆಸಿಕೊಳ್ಳಬಹುದಾ? ಯಾರನ್ನು ಕೇಳಬೇಕು? ಇನ್ನೊಂದು, ಸಂಘದಲ್ಲಿ ವಯಸ್ಸಾದವರೇ ಜಾಸ್ತಿ, ಫೋನ್ ಇದೆ ಆದರೆ ಪ್ರತಿಯೊಂದಕ್ಕೂ ಮಗನನ್ನೋ ಮೊಮ್ಮಗನನ್ನೋ ಕರೆಯುತ್ತಾರೆ. ಇವರಿಗೆ ಎಲ್ಲಿಂದ ಕಲಿಸೋದು?

ಜಮಖಂಡಿ_ಕೇಬಲ್

ಅಕ್ಕಾರೆ, ಎಳೆಸಿಕೊಳ್ಳಬಹುದು. ನಾನು ಇದೇ ಕೆಲಸ ಮಾಡೋದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

2011ರಲ್ಲಿ ಈ ಭಾರತ್‌ನೆಟ್ ಯೋಜನೆ ಶುರುವಾದಾಗ ಗುರಿ ಇದ್ದದ್ದೇ ಪಂಚಾಯಿತಿ ತನಕ ಫೈಬರ್ ಮುಟ್ಟಿಸೋದು. ಮುಂದಿನದು ಯಾರಾದರೂ ಮಾಡಿಕೊಳ್ಳಲಿ ಅಂತ ಬಿಟ್ಟರು. ಆ "ಯಾರಾದರೂ" ಎಷ್ಟೋ ಊರಲ್ಲಿ ಬರಲೇ ಇಲ್ಲ, ಅದಕ್ಕೇ ನಿಮ್ಮ ಓಣಿ ಖಾಲಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 1.39 ಲಕ್ಷ ಕೋಟಿ ರೂಪಾಯಿಯ ಹೊಸ ಹಂತಕ್ಕೆ ಒಪ್ಪಿಗೆ ಕೊಟ್ಟಿತು, ಅದರಲ್ಲಿ ಹಳ್ಳಿ ಮನೆಗಳಿಗೆ 1.5 ಕೋಟಿ ಸಂಪರ್ಕ ಕೊಡುವ ಗುರಿ ಇದೆ. ಊರಿನವನೇ ಒಬ್ಬ ಉದ್ಯಮಿಯಾಗಿ ಮನೆಗಳಿಗೆ ಲೈನ್ ಎಳೆದು ನೋಡಿಕೊಳ್ಳುತ್ತಾನೆ, ತಿಂಗಳ ಬಿಲ್‌ನಲ್ಲಿ ಅವನಿಗೂ ಬಿಎಸ್ಎನ್ಎಲ್‌ಗೂ ಪಾಲು. ನೀವು ಹುಡುಕಬೇಕಾದ್ದು ಆ ಒಬ್ಬನನ್ನು. ಬಿಎಸ್ಎನ್ಎಲ್ ಕಚೇರಿಗೆ ಒಬ್ಬರೇ ಹೋಗಿ ಒಂದು ಕನೆಕ್ಷನ್ ಕೇಳಬೇಡಿ. ಓಣಿಯವರ ಹೆಸರು, ಫೋನ್ ನಂಬರ್, ಸಹಿ ಇರುವ ಪಟ್ಟಿ ತಗೊಂಡು ಹೋಗಿ. ಗಿರಾಕಿ ಇದ್ದಾರೆ ಅಂತ ಗೊತ್ತಾದರೆ ಲೈನ್ ಎಳೆಯೋಕೆ ಜನ ತಾವೇ ಬರ್ತಾರೆ.

ತಾಂತ್ರಿಕವಾಗಿ ಕಷ್ಟ ಏನಿಲ್ಲ. ಒಂದೇ ಎಳೆಯನ್ನು ಸ್ಪ್ಲಿಟರ್ ಹಾಕಿ 16 ಅಥವಾ 32 ಮನೆಗೆ ಹಂಚುತ್ತಾರೆ. ಹಂಚಿದಷ್ಟೂ ಬೆಳಕು ಕಡಿಮೆ ಆಗುತ್ತೆ, ಹಾಗಾಗಿ ಕನೆಕ್ಷನ್ ಕೊಟ್ಟ ದಿನ ಮೀಟರ್ ಇಟ್ಟು ಬೆಳಕು ಎಷ್ಟಿದೆ ತೋರಿಸಿ ಅನ್ನಿ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಆಸುಪಾಸು ಇದ್ದರೆ ಒಳ್ಳೇದು. ಮೈನಸ್ 27ಕ್ಕಿಂತ ಕೆಳಗಿಳಿದರೆ ಇವತ್ತು ಓಡಿದರೂ ನಾಳೆ ಮನೆಯ ಮೋಡೆಮ್ ಡಬ್ಬಿಯಲ್ಲಿ ಕೆಂಪು ದೀಪ ಮಿನುಗುತ್ತೆ, ಆಮೇಲೆ ಫೋನ್ ಮಾಡ್ತಾ ಕೂರಬೇಕು.

ಮತ್ತೆ ಕೇಬಲ್ ಎತ್ತರ! ನಮ್ಮ ಕಡೆ ಕಾರ್ಖಾನೆ ಶುರುವಾದರೆ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುತ್ತೆ, ಮೇಲೆ ಚಾಚಿದ ಕಬ್ಬಿನ ತುದಿಗೆ ತಂತಿ ಸಿಕ್ಕರೆ ಕಂಬದ ಕೊಕ್ಕೆ ಸಮೇತ ಹೋಗುತ್ತೆ. ಸುಗ್ಗಿಯಲ್ಲಿ ನನ್ನ ಅರ್ಧ ಕೆಲಸ ಇದೇ. ರಸ್ತೆ ದಾಟುವ ಕಡೆ ಎತ್ತರದ ಕಂಬ ಬೇಕೇ ಬೇಕು ಅಂತ ಮೊದಲೇ ಪಟ್ಟು ಹಿಡಿಯಿರಿ.

ಸುಮ್ನೆ_ಓದೋನು

ಫೈಬರ್ ಯಾಕೆ ಇಷ್ಟು ತಲೆನೋವು, ಕೇಬಲ್ ಇಲ್ಲದೆ ಟವರ್‌ನಿಂದಲೇ ಬರುವ 5ಜಿ ಏರ್‌ಫೈಬರ್ ಹಾಕಿಸಿಕೊಳ್ಳಿ ಅಕ್ಕಾ.

ಖಾನಾಪುರ_ಕಾಡಂಚು

ಟವರ್ ಹತ್ತಿರ ಇದ್ದವರ ಮಾತು ಇದು. ನಮ್ಮ ಕಡೆ ಕಾಡಿನ ಹಳ್ಳಿಗಳಲ್ಲಿ ಕರೆ ಮಾಡೋಕೆ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಅದೂ ಇಲ್ಲ. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ 2022ರಲ್ಲೇ ಒಪ್ಪಿಗೆ ಸಿಕ್ಕಿದೆ, ದೇಶದಲ್ಲಿ 24,680 ಹಳ್ಳಿ ಅಂತ ಲೆಕ್ಕ. ಆದರೆ ಕಾಡಲ್ಲಿ ಟವರ್ ನಿಲ್ಲಿಸಬೇಕು ಅಂದ್ರೆ ಅರಣ್ಯದ ಅನುಮತಿ ಬೇಕು, ಕರೆಂಟ್ ಬೇಕು, ಅದಕ್ಕೆ ನೆಟ್ ಮುಟ್ಟಿಸೋಕೆ ಮತ್ತೆ ಫೈಬರೋ ಮೈಕ್ರೋವೇವ್ ರೇಡಿಯೋನೋ ಬೇಕು. ಟವರ್ ಗಾಳಿಯಲ್ಲಿ ನೆಟ್ ಹುಟ್ಟಿಸಲ್ಲ ಅಲ್ವಾ. ಅಕ್ಕಾ, ನಿಮ್ಮೂರಿಗೆ ಫೈಬರ್ ಬಂದಿದೆ, ಅದನ್ನು ಬಿಡಬೇಡಿ. ಸರ್ಕಾರದ ಲೆಕ್ಕದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. 2023ಕ್ಕೆ ಮುಂಚೆ 512 ಕಿಲೋಬಿಟ್‌ಗೇ ಆ ಹೆಸರಿತ್ತು! ಕನೆಕ್ಷನ್ ಕೊಟ್ಟೆವು ಅಂದ ಮೇಲೆ ಎಷ್ಟು ವೇಗ ಅಂತ ಕೇಳಿ.

ಅರಿವು_ಮನೆ

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಬಸವನ ಬಾಗೇವಾಡಿ ತಾಲ್ಲೂಕಲ್ಲಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ನಾನು, ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತಾರೆ. ನಿಮ್ಮ ಪಂಚಾಯಿತಿಯಲ್ಲೂ ಇರುತ್ತೆ. ಕಂಪ್ಯೂಟರ್, ನೆಟ್ ಇದ್ದರೆ ಮಧ್ಯಾಹ್ನ ಒಂದು ತಾಸು ಸಂಘಕ್ಕೆ ಬಿಟ್ಟುಕೊಡಿ ಅಂತ ಪಿಡಿಒ ಅವರಿಗೆ ಅರ್ಜಿ ಕೊಡಿ.

ಮೊದಲು ಕೇಂದ್ರ ಸರ್ಕಾರದ ಡಿಜಿಟಲ್ ಸಾಕ್ಷರತೆ ಕೋರ್ಸ್ ಇತ್ತು. ಮನೆಗೊಬ್ಬರು, 14ರಿಂದ 60 ವರ್ಷದವರು, 20 ತಾಸು ಪಾಠ. 2024ರ ಮಾರ್ಚ್‌ಗೆ ಮುಗಿಯಿತು. ನನ್ನ ಅಭಿಪ್ರಾಯದಲ್ಲಿ ಅದರ ತೊಂದರೆ ಏನಂದ್ರೆ ಕಂಪ್ಯೂಟರ್ ಅಂದರೇನು, ಮೌಸ್ ಅಂದರೇನು ಅಂತ ಶುರು ಮಾಡೋದು. ಜೋಳದ ಹೊಲ ಬಿಟ್ಟು ಬಂದ ಅಮ್ಮನಿಗೆ ಅದು ಯಾಕೆ? ಅವರಿಗೆ ಬೇಕಾದ್ದು ಹೊಲದ ಉತಾರ (ಪಹಣಿ) ನೋಡೋದು, ಗೃಹಲಕ್ಷ್ಮಿ ದುಡ್ಡು ಜಮಾ ಆಯ್ತಾ ಅಂತ ನೋಡೋದು. ನಾನು ಅಲ್ಲಿಂದಲೇ ಶುರು ಮಾಡ್ತೀನಿ. ಓದು ಬರದವರಿಗೆ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡೋದನ್ನು ಹೇಳಿಕೊಟ್ಟರೆ ಸಾಕು. ಒಬ್ಬ ಯವ್ವ ಮೈಕ್ ಒತ್ತಿ "ನಮ್ಮ ಹೊಲದ ಉತಾರ ತೋರಸಪಾ" ಅಂದರು, ಫೋನ್ ಸುಮ್ನೆ ಇತ್ತು, ಮತ್ತೆ ಫೋನ್ ಬಾಯಿ ಹತ್ತಿರ ತಂದು ಅದಕ್ಕೇ ಬೈದರು. ಬೈಗುಳ ಮಾತ್ರ ಅಕ್ಷರ ತಪ್ಪದೆ ಪರದೆ ಮೇಲೆ ಬಂತು 😄 ಆಮೇಲೆ ಅವರು ಬರೋದು ತಪ್ಪಿಸಲಿಲ್ಲ.

ಮೋಸದ ಪಾಠ ಬಿಡಬೇಡಿ. ದುಡ್ಡು ಪಡೆಯೋಕೆ ಪಿನ್ ಹಾಕೋ ಹಾಗೇ ಇಲ್ಲ, ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತ ಅರ್ಥ. ನಿಮ್ಮ ರೊಟ್ಟಿ ವ್ಯಾಪಾರಕ್ಕೆ ಇದು ಮುಖ್ಯ, ದೊಡ್ಡ ಆರ್ಡರ್ ಅಂತ ಹೇಳಿ ಕ್ಯೂಆರ್ ಕಳಿಸುವವರು ಬಹಳ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡ ಮಾಡಿದಷ್ಟೂ ಸಿಗೋದು ಕಷ್ಟ.

ಬೀಳಗಿ_ಕಡೆಯವಳು

ಎಲ್ಲರಿಗೂ ಧನ್ಯವಾದ. ಪಟ್ಟಿ ಮಾಡೋ ಕೆಲಸ ಇವತ್ತೇ ಶುರು. ಜಮಖಂಡಿ ಅಣ್ಣಾ, ಕರೆಂಟ್ ಹೋದರೆ ಫೈಬರೂ ಹೋಗುತ್ತಾ? ನಮ್ಮಲ್ಲಿ ಯಾವಾಗ ಹೋಗುತ್ತೆ ಹೇಳೋಕೆ ಬರಲ್ಲ.

ಜಮಖಂಡಿ_ಕೇಬಲ್

ಫೈಬರ್‌ಗೆ ಕರೆಂಟ್ ಬೇಡ, ಎರಡು ತುದಿಯ ಡಬ್ಬಿಗೆ ಬೇಕು. ಮನೆ ಡಬ್ಬಿ ಸಾಮಾನ್ಯವಾಗಿ 12 ವೋಲ್ಟ್, ಅದಕ್ಕೆ ಸಣ್ಣ ಯುಪಿಎಸ್ ಸಿಗುತ್ತೆ. ತಗೊಳ್ಳೋ ಮುಂಚೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ಆದರೆ ಮೊದಲು ಪಂಚಾಯಿತಿಯ ಬ್ಯಾಟರಿ ಜೀವಂತ ಇದೆಯಾ ನೋಡಿ. ಅಲ್ಲಿಂದಲೇ ನಿಮಗೆ ಹಂಚಿದರೆ, ಅದು ಸತ್ತಾಗ ನಿಮ್ಮ ಮನೆಯ ಯುಪಿಎಸ್ ಇದ್ದೂ ಪ್ರಯೋಜನ ಇಲ್ಲ.