ಪದಚರ್ಚೆ: ‘ಡಿಮ್ಯಾಂಗಲ್’ಗೆ ಕನ್ನಡದಲ್ಲಿ ಏನೆನ್ನೋಣ? ನಾಳೆ ಸಂಜೆಯೊಳಗೆ ಬೇಕು

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಪಾಠಕ್ಕೆಂದು ಕಟ್ಟಿದ ಚಿಕ್ಕ ಪ್ರೋಗ್ರಾಮಿಂಗ್ ಭಾಷೆಯೊಂದರ ಹೆಸರುಗಳು, ಪ್ರೋಗ್ರಾಮಿನ ದೋಷ ಹುಡುಕಲು ಬಳಸುವ ಜಿಡಿಬಿ ಡೀಬಗರ್‌ನಲ್ಲಿ ಓದುವಂತೆ ಕಾಣಬೇಕಾದರೆ ಏನೇನು ಸೇರಿಸಬೇಕು ಎಂಬ ಲ್ಯಾಬ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ಬೇಕಾದ ಪದಗಳು: ಮ್ಯಾಂಗಲ್ (ಕಂಪೈಲರ್ ಒಂದು ಹೆಸರನ್ನು ಅದರ ವಿವರಗಳೊಂದಿಗೆ ಒಂದೇ ಸಾಲಿನ ಸಂಕೇತವಾಗಿಸುವುದು), ಡಿಮ್ಯಾಂಗಲ್ (ಅದನ್ನು ಮತ್ತೆ ಓದುವಂತೆ ಮಾಡುವುದು), ನೇಮ್‌ಸ್ಪೇಸ್ (ಹೆಸರುಗಳನ್ನು ಗುಂಪಾಗಿ ಇಡುವ ಆವರಣ). ಜೊತೆಗೆ, ಹೆಸರು ಅರ್ಥವಾಗದಿದ್ದಾಗ ಡೀಬಗರ್ ಹೇಳುವ ಒಂದು ಸಾಲಿನ ದೂರು.

ಕೈಪಿಡಿಯ ಉದಾಹರಣೆ ಇದು. ಸಿ ಪ್ಲಸ್ ಪ್ಲಸ್‌ನಲ್ಲಿ ‘ಕಾವೇರಿ’ಯ ಒಳಗೆ ‘ಮಟ್ಟ’ ಎಂಬ ಫಂಕ್ಷನ್ ಇದ್ದರೆ, ಕಂಪೈಲರ್ ಕೊಡುವ ಆಬ್ಜೆಕ್ಟ್ ಫೈಲಿನಲ್ಲಿ ಅದು ಒಂದೇ ಸಾಲಾಗಿ, ನಡುವೆ ಜಾಗವಿಲ್ಲದೆ, ಹೀಗೆ ಕೂತಿರುತ್ತದೆ: ಅಂಡರ್‌ಸ್ಕೋರ್, ಜೆಡ್, ಎನ್, 18, ಕಾವೇರಿ, 12, ಮಟ್ಟ, ಇ, ವಿ. ಎನ್‌ನಿಂದ ಇ ವರೆಗೆ ಒಂದರೊಳಗೊಂದು ಇರುವ ಹೆಸರು. ಕೊನೆಯ ವಿ ಎಂದರೆ ಆರ್ಗ್ಯುಮೆಂಟ್ ಇಲ್ಲ. ಅಂಕಿಗಳು ಬೈಟ್ ಲೆಕ್ಕ, ಅಕ್ಷರದ ಲೆಕ್ಕವಲ್ಲ: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೆ (ಯುನಿಕೋಡ್ ಬೇರೆಬೇರೆಯಾಗಿ ಎಣಿಸುವ ಅಕ್ಷರ ಅಥವಾ ಗುರುತಿಗೆ) 3 ಬೈಟ್, ‘ಕಾವೇರಿ’ಯಲ್ಲಿ ಅಂಥವು 6, ‘ಮಟ್ಟ’ದಲ್ಲಿ 4.

ಸದ್ಯ ‘ವಿಸಂಕೇತನ’ ಎಂದು ಹಾಕಿದ್ದೇನೆ. ಬಾಯಿಗೆ ಹಿಡಿಸುತ್ತಿಲ್ಲ.

ವಿರಾಜಪೇಟೆಯಿಂದ:

ವಿಸಂಕೇತನ ಬೇಡ ಅಕ್ಕ. ಮುಂದಿನ ಪುಟದಲ್ಲಿ ಡೀಕೋಡ್ ಬಂದರೆ ಅದಕ್ಕೇನು ಬರೆಯುತ್ತೀರಿ?

ಪದ ನಮ್ಮಲ್ಲೇ ಇದೆ, ಪ್ರಶ್ನೆಪತ್ರಿಕೆಯಲ್ಲಿ ಎಲ್ಲರೂ ಓದಿದ್ದೇ: ‘ಬಿಡಿಸಿ ಬರೆಯಿರಿ’. ಡಿಮ್ಯಾಂಗಲ್ ಎಂದರೆ ‘ಹೆಸರು ಬಿಡಿಸು’. ಮ್ಯಾಂಗಲ್‌ಗೆ ‘ಹೊಸೆ’. ಹೊಸೆದ ಹೆಸರು, ಬಿಡಿಸಿದ ಹೆಸರು. ಎರಡೂ ಅಚ್ಚಗನ್ನಡ. ಬಿಡು ಎಂಬ ಧಾತು ತಮಿಳಿನಲ್ಲಿ ವಿಡು, ಕೊಡವ ತಕ್ಕ್‌ನಲ್ಲಿ ಬುಡ್. ಇಷ್ಟು ಹಳೆಯ ಬೇರು ಕೈಯಲ್ಲಿರುವಾಗ ‘ವಿ’ ‘ಸಂ’ ಎಂದು ಉಪಸರ್ಗ ಪೋಣಿಸುವುದೇಕೆ?

ಇನ್ನೊಂದು ಮಾತು. ಇಲ್ಲಿಯ ‘ಬಿಡಿಸು’ ಬಿಡು ಎಂಬುದರ ಪ್ರೇರಣಾರ್ಥಕವಲ್ಲ. ಬಿಡಿಭಾಗ, ಬಿಡಿಹೂವು ಎನ್ನುವಾಗಿನ ‘ಬಿಡಿ’ಗೆ ಇಸು ಸೇರಿದ್ದು: ಬಿಡಿಬಿಡಿಯಾಗಿಸು. ಅರ್ಥ ಇನ್ನೂ ಕರಾರುವಾಕ್ಕು.

ಸೋಮವಾರಪೇಟೆಯಿಂದ:

ಬಿಡಿ + ಇಸು ಎಂಬುದು ಕಲ್ಪನೆ. ಬಿಡು + ಇಸು, ಉಕಾರ ಲೋಪ, ಅಷ್ಟೆ. ‘ಬಿಡಿ’ಯೂ ಅದೇ ಧಾತುವಿನ ಕೂಸು.

ಅದಿರಲಿ, ಉಪಮೆಯೇ ತಪ್ಪು. ಸಂಧಿ ಎಂದರೆ ಧ್ವನಿಗಳು ಎದುರಾದಾಗ ಆಗುವ ಲೋಪ, ಆಗಮ, ಆದೇಶ. ಇಲ್ಲಿ ಕಾವೇರಿಯೂ ಮಟ್ಟವೂ ಒಂದಕ್ಷರವೂ ಕೆಡದೆ ಪಕ್ಕಪಕ್ಕ ಕೂತಿವೆ. ಯಾವ ಸಂಧಿಯನ್ನು ಬಿಡಿಸುತ್ತೀರಿ? ಅದು ಸಂಕೇತೀಕರಣ, ಅದರ ವಿಲೋಮ ವಿಸಂಕೇತನ. ಇದ್ದದ್ದೇ ಸರಿ ಇದೆ.

ಗೋಣಿಕೊಪ್ಪದಿಂದ:

ಡಿಮ್ಯಾಂಗಲ್ ಎಂದೇ ಬರೆಯಿರಿ, ಪ್ರಿಂಟಿಗೆ ಕಳಿಸಿ. ಕಾಫಿ ತೋಟದಲ್ಲಿ ಪಲ್ಪರ್, ಲೈನ್ ಮನೆ, ರೈಟರು ಎನ್ನುತ್ತೇವೆ. ಅವಕ್ಕೆ ಯಾರಾದರೂ ಪದ ಟಂಕಿಸಿಕೊಟ್ಟಿದ್ದರೆ ಆಳುಗಳಿರಲಿ, ಮಾಲೀಕರಿಗೂ ಅರ್ಥವಾಗುತ್ತಿರಲಿಲ್ಲ.

ನೇಮ್‌ಸ್ಪೇಸ್‌ಗೆ ಮಾತ್ರ ನಮ್ಮ ಕೊಡಗು ಜಿಲ್ಲೆಯಲ್ಲಿ ಒಳ್ಳೆಯ ಪದವಿದೆ: ಮನೆಹೆಸರು. ಕೊಡಂದೇರ ಕಾರ್ಯಪ್ಪ ಎಂದಾಗ ಮನೆಹೆಸರು ಮೊದಲು, ಆಳಿನ ಹೆಸರು ಆಮೇಲೆ. ಮೇಲಿನ ಉದಾಹರಣೆಯಲ್ಲೂ ಅದೇ ಕ್ರಮ.

ಕುಶಾಲನಗರದಿಂದ:

ಸೋಮವಾರಪೇಟೆಯವರೆ, ಆ ಉದಾಹರಣೆ ತೀರಾ ಸರಳ, ಅದಕ್ಕೇ ಹಾಗೆ ಕಾಣುತ್ತದೆ. ಸಿ ಪ್ಲಸ್ ಪ್ಲಸ್‌ನ ಇಟೇನಿಯಂ ಎಂಬ ಹೆಸರು ಹೊಸೆಯುವ ಪದ್ಧತಿಯಲ್ಲಿ ಒಮ್ಮೆ ಬಂದ ಹೆಸರು ಅಥವಾ ಟೈಪ್ ಮತ್ತೆ ಬಂದರೆ ಪೂರ್ತಿ ಬರೆಯುವುದಿಲ್ಲ. ಅದರ ಜಾಗದಲ್ಲಿ ಎಸ್-ಅಂಡರ್‌ಸ್ಕೋರ್, ಮುಂದಿನದಕ್ಕೆ ಎಸ್-ಸೊನ್ನೆ-ಅಂಡರ್‌ಸ್ಕೋರ್. ದೊಡ್ಡ ಎಸ್, ಚಿಕ್ಕ ಟಿ ಬಂದರೆ ಸ್ಟ್ಯಾಂಡರ್ಡ್ ಲೈಬ್ರರಿಯ ನೇಮ್‌ಸ್ಪೇಸ್. ನಿಮ್ಮ ಭಾಷೆಯಲ್ಲೇ ಹೇಳುವುದಾದರೆ ಆದೇಶ. ಲೋಪವೂ ಇದೆ: ಟೆಂಪ್ಲೇಟ್ ಅಲ್ಲದ ಮಾಮೂಲಿ ಫಂಕ್ಷನ್ನಿನ ರಿಟರ್ನ್ ಟೈಪ್ ಆ ಸಾಲಿನಲ್ಲಿ ಇರುವುದೇ ಇಲ್ಲ. ಆರ್ಗ್ಯುಮೆಂಟ್‌ಗಳ ಹೆಸರೂ ಇಲ್ಲ, ಟೈಪ್ ಮಾತ್ರ. ಲೋಪವಾದದ್ದು ಏನು ಮಾಡಿದರೂ ವಾಪಸು ಬಾರದು. ಹಾಗಾಗಿ ‘ವಿಲೋಮ’ ಎಂದರೇ ತಪ್ಪು, ‘ಬಿಡಿಸು’ ಎಂದರೆ ಸರಿ.

ಮನೆಹೆಸರಿಗೂ ಒಂದು ತೊಡಕು. ಆ ಸಾಲನ್ನು ಎಷ್ಟು ನೋಡಿದರೂ ಕಾವೇರಿ ನೇಮ್‌ಸ್ಪೇಸೋ ಕ್ಲಾಸೋ ತಿಳಿಯದು, ಎರಡಕ್ಕೂ ಬರೆಯುವ ರೀತಿ ಒಂದೇ. ಮುಂದೆ ಬರುವ ಯಾವುದೇ ಹೆಸರಿಗೆ ಮನೆಹೆಸರು ಎನ್ನಿ, ಚೆನ್ನಾಗಿದೆ. ನೇಮ್‌ಸ್ಪೇಸ್‌ಗೆ ಮಾತ್ರ ಕಟ್ಟಿಹಾಕಬೇಡಿ.

ಮಡಿಕೇರಿಯವರೆ, ಕೈಪಿಡಿಯ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ, ಪದ ಅದನ್ನೇ ಅವಲಂಬಿಸಿದೆ.

ನಿಮ್ಮ ಭಾಷೆಯ ಹೊಸೆದ ಹೆಸರುಗಳ ಆರಂಭ ಬೇರೆಯೇ ಇರಬೇಕು. ಅಂಡರ್‌ಸ್ಕೋರ್-ಜೆಡ್ ಸಿ ಪ್ಲಸ್ ಪ್ಲಸ್‌ನದು, ಅಂಡರ್‌ಸ್ಕೋರ್-ಆರ್ ರಸ್ಟ್‌ನ ಹೊಸ ಪದ್ಧತಿ, ಅಂಡರ್‌ಸ್ಕೋರ್-ಡಿ ಡಿ ಭಾಷೆಯದು, ಡಾಲರ್-ಎಸ್ ಸ್ವಿಫ್ಟ್‌ನದು. ರಸ್ಟ್‌ನ ಹಳೆಯ ಪದ್ಧತಿ ಸಿ ಪ್ಲಸ್ ಪ್ಲಸ್‌ನ ಆರಂಭವನ್ನೇ ಬಳಸಿತ್ತು. ರಸ್ಟ್ ಗೊತ್ತಿಲ್ಲದ ಸಲಕರಣೆ ಅದನ್ನು ಸಿ ಪ್ಲಸ್ ಪ್ಲಸ್ ಎಂದೇ ಓದಿ, ಕೊನೆಯಲ್ಲಿ ‘ಎಚ್’ ಮತ್ತು 16 ಹೆಕ್ಸ್ ಅಂಕಿಗಳ ಬಾಲವನ್ನು ಹಾಗೇ ಉಳಿಸಿ ತೋರಿಸುತ್ತದೆ. ಆರಂಭದ ಎರಡು ಅಕ್ಷರ ನೋಡಿ ಒಪ್ಪಿಕೊಳ್ಳಬೇಡಿ, ಮೂರನೆಯದು ಅಂಕಿಯೋ ಎನ್ನೋ ಎಂದೂ ನೋಡಿ. ಮ್ಯಾಕ್‌ನಲ್ಲಿ ಎದುರಿಗೆ ಇನ್ನೊಂದು ಅಂಡರ್‌ಸ್ಕೋರ್ ಅಂಟಿಕೊಳ್ಳುತ್ತದೆ.

ಜಿಡಿಬಿಯಲ್ಲಿ ಪ್ರತಿ ಭಾಷೆಗೂ ಒಂದು ಕ್ಲಾಸ್. ಅದರಲ್ಲಿ ಈ ಕೆಲಸಕ್ಕೆ ಬರೆಯಬೇಕಾದ್ದು ಎರಡು ಮೆಥಡ್: ‘ಈ ಹೆಸರು ನಮ್ಮದೋ’ ಎಂದು ಮೂಸಿ ನೋಡುವುದು, ಮತ್ತು ಬಿಡಿಸುವುದು. ಸಿಂಬಲ್‌ನ (ಫೈಲಿನಲ್ಲಿ ದಾಖಲಾದ ಹೆಸರಿನ) ಭಾಷೆ ಗೊತ್ತಿಲ್ಲದಾಗ ಡೀಬಗರ್ ಒಂದೊಂದೇ ಭಾಷೆಗೆ ಮೂಸಲು ಕೊಡುತ್ತದೆ. ಉತ್ತರ ಮೂರು ಬಗೆ: ‘ನಮ್ಮದಲ್ಲ’; ‘ನಮ್ಮದು, ಇಗೋ ಬಿಡಿಸಿದ ಹೆಸರು’; ‘ನಮ್ಮದು, ಆದರೆ ಬಿಡಿಸಿದ ರೂಪ ಬೇಕಿಲ್ಲ’. ನಿಮ್ಮ ಪದ ಈ ಮೂರನ್ನೂ ಹೇಳಬೇಕು. ‘ಡಿಮ್ಯಾಂಗಲ್ ಮಾಡಲಾಗಿಲ್ಲ’ ಎಂದರೆ ಯಾವುದು?

ಬಿಡಿಸುವ ಫಂಕ್ಷನ್ ಮ್ಯಾಲಕ್‌ನಿಂದ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಪಡೆದ ಸ್ಟ್ರಿಂಗ್ ಕೊಡಬೇಕು, ಇಲ್ಲವೇ ನಲ್, ಅಂದರೆ ಏನೂ ಇಲ್ಲ ಎಂಬ ಉತ್ತರ. ಸ್ಟ್ಯಾಕಿನ ಬಫರ್ ಕೊಟ್ಟರೆ ಡೀಬಗರ್ ಕುಸಿಯಬಹುದು. ಅರ್ಧ ಬಿಡಿಸಿದ್ದನ್ನೂ ಕೊಡಬಾರದು, ಡೀಬಗರ್ ಆ ಕಸವನ್ನೇ ತನ್ನ ಹ್ಯಾಶ್ ಟೇಬಲಿಗೆ ಹಾಕಿಕೊಂಡರೆ ಆಮೇಲೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗ) ಸಿಗುವುದಿಲ್ಲ. ಉದ್ದ ಹೇಳುವ ಅಂಕಿ ಉಳಿದ ಬೈಟುಗಳಿಗಿಂತ ದೊಡ್ಡದಾದರೆ ತಕ್ಷಣ ನಲ್. ಒಂದರೊಳಗೊಂದು ಇಳಿಯುವುದಕ್ಕೂ ಮಿತಿ ಬೇಕು. ಜಿಡಿಬಿ ಬಳಸುವ, ಹೆಸರು ಬಿಡಿಸುವ ಕೋಡ್ ಇರುವ ಲಿಬಿಬರ್ಟಿ ಲೈಬ್ರರಿಯಲ್ಲಿ ಅದು 2048. ಮಿತಿ ಇಲ್ಲದಿದ್ದರೆ ಕೆಟ್ಟ ಫೈಲೊಂದು ಸ್ಟ್ಯಾಕ್ ಮುಗಿಸಿ ಡೀಬಗರ್‌ನ್ನೇ ಬೀಳಿಸುತ್ತದೆ.

ಲ್ಯಾಬಿಗೆ ಲಿಬಿಬರ್ಟಿಯ ತಂಟೆಗೆ ಹೋಗಬೇಡಿ. ಅಲ್ಲಿ ಸೇರಿಸುವುದಾದರೆ ಹೆಡರ್‌ನಲ್ಲಿ ಹೊಸ ಶೈಲಿಯ ಫ್ಲ್ಯಾಗ್, ಶೈಲಿಗಳ ಪಟ್ಟಿಯಲ್ಲಿ ಒಂದು ಸಾಲು, ಮೇಕ್‌ಫೈಲ್ ತಿದ್ದುಪಡಿ. ಅದರ ಮೂಲ ಮನೆ ಜಿಸಿಸಿ ಕಂಪೈಲರ್‌ನದು, ಒಪ್ಪಿಗೆಯೂ ಅಲ್ಲೇ ಆಗಬೇಕು. ಜಿಡಿಬಿಯ ಭಾಷೆಯ ಫೈಲಿನಲ್ಲೇ ಬರೆದರೆ ಕಳೆದುಕೊಳ್ಳುವುದು ಇಷ್ಟೆ: ಹೊಸೆದ ಹೆಸರು ಬಿಡಿಸಿ ತೋರಿಸುವ ಸಿ-ಪ್ಲಸ್-ಪ್ಲಸ್-ಫಿಲ್ಟ್ ಸಲಕರಣೆಗೆ ನಿಮ್ಮ ಹೆಸರುಗಳು ಗೊತ್ತಾಗುವುದಿಲ್ಲ. ಎಲ್‌ಎಲ್‌ಡಿಬಿ ಎಂಬ ಇನ್ನೊಂದು ಡೀಬಗರ್ ಬಳಸುವವರಿಗೆ ಪದ್ಧತಿಗಳ ಎನಮ್‌ಗೆ (ಪಟ್ಟಿಗೆ) ಒಂದು ಸೇರಿಸಿ, ಆರಂಭ ಪತ್ತೆ ಮಾಡುವ ಜಾಗದಲ್ಲಿ ಒಂದು ಇಫ್ ಹಾಕಬೇಕು.

ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ: ಮೈನಸ್-ಜಿ ಆಯ್ಕೆ ಹಾಕಿ ಕಂಪೈಲ್ ಮಾಡಿದರೆ ಹೆಸರು ಡ್ವಾರ್ಫ್ ಎಂಬ ಡೀಬಗ್ ಮಾಹಿತಿಯಿಂದ ಬರುತ್ತದೆ. ನಿಮ್ಮ ಕೋಡ್ ಕೆಲಸ ಮಾಡದಿದ್ದರೂ ಬ್ಯಾಕ್‌ಟ್ರೇಸ್ (ಫಂಕ್ಷನ್ ಕರೆಗಳ ಪಟ್ಟಿ) ಚೆಂದ ಕಾಣುತ್ತದೆ. ಮೈನಸ್-ಜಿ ಇಲ್ಲದೆ ಕಟ್ಟಿ, ಜಿಡಿಬಿಯ ‘ಡಿಮ್ಯಾಂಗಲ್’ ಕಮಾಂಡಿಗೆ ಮೈನಸ್-ಎಲ್ ಜೊತೆ ಭಾಷೆ ಕೊಟ್ಟು ನೋಡಿ. ಡಿಸ್ಅಸೆಂಬ್ಲಿಯಲ್ಲಿ (ಯಂತ್ರಸೂಚನೆಗಳ ಪಟ್ಟಿಯಲ್ಲಿ) ಹೊಸೆದ ಹೆಸರೇ ಕಂಡರೆ ಗಾಬರಿ ಬೇಡ, ‘ಪ್ರಿಂಟ್ ಎಎಸ್‌ಎಂ-ಡಿಮ್ಯಾಂಗಲ್’ ಎಂಬ ಸೆಟ್ಟಿಂಗ್ ಮೊದಲಿನಿಂದಲೂ ಆಫ್ ಇರುತ್ತದೆ.

ಸೋಮವಾರಪೇಟೆಯಿಂದ:

ಆದೇಶವನ್ನು ಒಪ್ಪಿದೆ. ಆದರೆ ‘ಹೊಸೆ’ ಒಪ್ಪುವುದಿಲ್ಲ. ಬತ್ತಿ ಹೊಸೆಯುತ್ತಾರೆ, ಹೆಸರನ್ನಲ್ಲ. ಇಂಗ್ಲಿಷಿನ ಮ್ಯಾಂಗಲ್ ಬಟ್ಟೆ ಹಿಂಡುವ ಯಂತ್ರ, ಅದಕ್ಕೇ ‘ಹಿಂಡು’ ಇನ್ನೂ ಹತ್ತಿರ.

ವಿರಾಜಪೇಟೆಯಿಂದ:

ಸುಳ್ಳು. ಬಟ್ಟೆ ಹಿಂಡುವ ಮ್ಯಾಂಗಲ್ ಡಚ್ಚಿನಿಂದ ಬಂದದ್ದು. ಕೊಚ್ಚಿ ಹಾಕು ಎಂಬ ಅರ್ಥದ ಕ್ರಿಯಾಪದ ನಾರ್ಮನ್ ಫ್ರೆಂಚಿನಿಂದ. ಎರಡಕ್ಕೂ ಸಂಬಂಧವಿಲ್ಲ. ನಮಗೆ ಎರಡೂ ಬೇಡ, ಇಂಗ್ಲಿಷಿನವರು ಕೊಚ್ಚಿದರೆ ನಾವೂ ಕೊಚ್ಚಬೇಕೆ? ಮೈಕ್ರೋಸಾಫ್ಟ್‌ನವರು ಇದನ್ನೇ ಡೆಕೊರೇಟ್ ಎನ್ನುತ್ತಾರೆ. ಹಾಗಾದರೆ ‘ಸಿಂಗರಿಸಿದ ಹೆಸರು’ ಎನ್ನೋಣವೆ?

ಮತ್ತೆ ಗೋಣಿಕೊಪ್ಪದವರಿಗೆ: ಪಲ್ಪರ್ ವಸ್ತು, ಯಂತ್ರದ ಜೊತೆ ಹೆಸರೂ ಬಂತು. ಡಿಮ್ಯಾಂಗಲ್ ಕೆಲಸ. ನಾಮಪದ ಸಾಲ ತರಬಹುದು, ಕ್ರಿಯಾಪದ ತಂದರೆ ಜೀವಮಾನವಿಡೀ ಅದರ ಹಿಂದೆ ‘ಮಾಡು’ ಕಟ್ಟಿಕೊಂಡು ತಿರುಗಬೇಕು.

ಗೋಣಿಕೊಪ್ಪದಿಂದ:

ಪಲ್ಪ್ ಮಾಡು ಎಂದೇ ಎಲ್ಲರೂ ಹೇಳುವುದು. ಯಾರ ಜೀವವೂ ಹೋಗಿಲ್ಲ. ಕರಾರು, ಅರ್ಜಿ, ಖಾತೆ, ಜಮ್ಮಾ ಯಾವ ಊರಿನವು ಸ್ವಾಮಿ? ಜಿಲ್ಲೆಯ ಅರ್ಧ ವ್ಯಾಜ್ಯ ನಡೆಯುವುದು ಸಾಲದ ಪದಗಳಲ್ಲೇ.

ಸೋಮವಾರಪೇಟೆಯಿಂದ:

ಅವು ಬಂದು ನೂರಾರು ವರ್ಷವಾಯಿತು. ಹೋಲಿಸಬೇಡಿ.

ಗೋಣಿಕೊಪ್ಪದಿಂದ:

ಬಂದ ದಿನ ಅವೂ ಹೊಸವೇ.

ಮಡಿಕೇರಿಯಿಂದ:

ಜಗಳ ಬೇರೆ ಶೀರ್ಷಿಕೆಯಲ್ಲಿ ಮುಂದುವರಿಸಿ, ದಯವಿಟ್ಟು. ‘ಬಿಡಿಸು’ ಹಾಕುತ್ತಿದ್ದೇನೆ. ಆದರೆ ಒಂದೇ ಪುಟದಲ್ಲಿ ಇಕ್ಕಟ್ಟಾಗಿದೆ: ಫಂಕ್ಷನ್ ಕೊಟ್ಟ ಮೆಮೊರಿಯನ್ನು ಕರೆದವರು ಫ್ರೀ ಮಾಡಬೇಕು. ಅದಕ್ಕೆ ‘ಬಿಡುಗಡೆ’ ಎಂದಿದ್ದೆ. ‘ಬಿಡಿಸಿದ ಹೆಸರನ್ನು ಬಿಡುಗಡೆ ಮಾಡಿ’ ಎಂದು ಓದಿದರೆ ನಗು ಬರುತ್ತದೆ. ದೂರಿನ ಸಾಲು ಇನ್ನೂ ಬಾಕಿ.

ಕುಶಾಲನಗರದಿಂದ:

ಮೆಮೊರಿಗೆ ‘ಹಿಂದಿರುಗಿಸಿ’ ಎನ್ನಿ. ಪಡೆದದ್ದನ್ನು ಹಿಂದಿರುಗಿಸುವುದೇ ತಾನೆ.

ದೂರಿನ ಸಾಲಿನಲ್ಲಿ ಶೇಕಡಾ-ಎಸ್‌ಗೆ ನೇರವಾಗಿ ‘ಅನ್ನು’ ಅಂಟಿಸಬೇಡಿ. ಓಡುವಾಗ ಅಲ್ಲಿ ಯಾವ ಹೆಸರು ಬರುವುದೋ ಗೊತ್ತಿಲ್ಲ, ‘ಮಟ್ಟಅನ್ನು’ ಎಂದಾಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಶೇಕಡಾ-ಎಸ್, ಆಮೇಲೆ ‘ಎಂಬ ಹೆಸರನ್ನು ಬಿಡಿಸಲಾಗಲಿಲ್ಲ’. ವಿಭಕ್ತಿಯನ್ನು ‘ಹೆಸರು’ ಎಂಬ ಪದ ಹೊರುತ್ತದೆ.

ಪ್ರಿಂಟಿಗೆ ಮುಂಚೆ ಆ 18ನ್ನೂ ಇನ್ನೊಮ್ಮೆ ನೋಡಿ. ‘ವೇ’ಯ ದೀರ್ಘ ಒಂದೇ ಕೋಡ್‌ಪಾಯಿಂಟ್ ಆಗಿದ್ದರೆ 18. ಒಡೆದ ರೂಪದಲ್ಲಿದ್ದರೆ ಎತ್ವವೂ ದೀರ್ಘದ ಗುರುತೂ ಬೇರೆಬೇರೆ, ಆಗ 21. ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಸಿಂಬಲ್ ಮಾತ್ರ ಬೇರೆ. ಎಡಿಟರ್‌ನಲ್ಲಿ ಒಂದು, ಟರ್ಮಿನಲ್‌ನಲ್ಲಿ ಇನ್ನೊಂದು ಟೈಪಾದರೆ ಬ್ರೇಕ್‌ಪಾಯಿಂಟ್ ಕೂರುವುದಿಲ್ಲ. ರಸ್ಟ್ ಕಂಪೈಲರ್ ಹೆಸರುಗಳನ್ನು ಕೂಡಿದ ರೂಪಕ್ಕೆ ತಾನೇ ತರುತ್ತದೆ, ಸಿ ಪ್ಲಸ್ ಪ್ಲಸ್ 23 ಆ ರೂಪವನ್ನೇ ಕಡ್ಡಾಯ ಮಾಡಿದೆ. ನಿಮ್ಮ ಭಾಷೆಯ ಲೆಕ್ಸರ್‌ನಲ್ಲೂ (ಕೋಡನ್ನು ಪದಗಳಾಗಿ ಒಡೆಯುವ ಭಾಗದಲ್ಲೂ) ಅದೇ ಮಾಡಿ, ಬಿಡಿಸುವ ಕೋಡಿನಲ್ಲಿ ಅಲ್ಲ.

ಮಡಿಕೇರಿಯಿಂದ:

ಹೊಸೆ, ಬಿಡಿಸು, ಹಿಂದಿರುಗಿಸು ಹಾಕಿದೆ. ನೇಮ್‌ಸ್ಪೇಸ್ ಹಾಗೇ ಇದೆ, ಮುಂದೆ ಬರುವ ಹೆಸರಿಗೆ ಮನೆಹೆಸರು. ಫೈಲಿನಲ್ಲಿರುವುದು ಕೂಡಿದ ರೂಪ, 18 ಸರಿ.

ಸೋಮವಾರಪೇಟೆಯಿಂದ:

ಅಡಿಟಿಪ್ಪಣಿಯಲ್ಲಿ ವಿಸಂಕೇತನ ಇರಲಿ.