ಇಂಗ್ಲಿಷ್ ಮೇಡಂ ಅವರನ್ನು ಕೇಳಿ: ‘ರೈಚಸ್’ (righteous) ಎಲ್ಲಿ ಬಳಸಬೇಕು?

(ಫೋನಿನ ಗುಂಪಿನಲ್ಲಿ ನಡೆದ ಮಾತು. ಕೇಳಿದವರ ಹೆಸರಿನ ಬದಲು ಅವರ ಊರು ಇದೆ.)

ಉಣಕಲ್: ಮೇಡಂ, ‘ರೈಚಸ್’ ಅಂದರೆ ಒಳ್ಳೆಯವನು ಅಂತಲೇ ಅಲ್ವಾ?

ಮೇಡಂ: ಬರೀ ಒಳ್ಳೆಯವನಲ್ಲ, ನ್ಯಾಯ ಬಿಟ್ಟು ನಡೆಯದವನು. ಅನ್ಯಾಯ ಕಂಡು ಬರುವ ಸಿಟ್ಟಿಗೆ ‘ರೈಚಸ್ ಆಂಗರ್’ ಅನ್ನುತ್ತಾರೆ. ದಿನದ ಮಾತಿಗೆ ‘ಗುಡ್’ ಸಾಕು.

ನವಲಗುಂದ: ‘ವರ್ಚುಅಸ್’ಗೂ ಇದಕ್ಕೂ ಏನು ವ್ಯತ್ಯಾಸ ರೀ?

ಗದಗ: ಮೇಡಂ, ಮಗನ ಕಾಲೇಜಿಗೆ ಶಿಫಾರಸು ಪತ್ರ ಬೇಕು. ನೀವೇ ಬರೆದು ತನ್ನಿ, ಸಹಿ ಮಾಡುತ್ತೇವೆ ಅಂತ ಮೇಷ್ಟ್ರು ಅಂದಿದ್ದಾರೆ. ‘ಹಿ ಈಸ್ ಎ ಸೆಲ್ಫ್-ರೈಚಸ್ ಬಾಯ್’ ಅಂತ ಬರೆದಿದ್ದೇನೆ. ಸ್ವಾಭಿಮಾನಿ ಅಂತ. ನಾಳೆ ಕಳಿಸಬೇಕು.

ಮೇಡಂ: ದಯವಿಟ್ಟು ಹಾಗೇ ಕಳಿಸಬೇಡಿ. ‘ಸೆಲ್ಫ್’ ಸೇರಿದ ಕೂಡಲೇ ಇದು ಬೈಗುಳ. ತಾನೊಬ್ಬನೇ ಸಾಚಾ, ಉಳಿದವರೆಲ್ಲ ಕೆಟ್ಟವರು ಅಂದುಕೊಂಡು ಮೆರೆಯುವವನು ಅಂತ ಅರ್ಥ. ಓದುವವರು ಹುಡುಗನಿಗೆ ಜಂಬ ಅಂದುಕೊಳ್ಳುತ್ತಾರೆ. ಬರೀ ‘ರೈಚಸ್’ ಕೂಡ ಬೇಡ, ಪತ್ರದಲ್ಲಿ ಅದು ಪ್ರವಚನದ ಹಾಗೆ ಕೇಳುತ್ತದೆ. ‘ಆನೆಸ್ಟ್’ ಅಥವಾ ‘ಪ್ರಿನ್ಸಿಪಲ್ಡ್’ ಹಾಕಿ. ಅದರ ಕೆಳಗೆ ನಡೆದದ್ದೊಂದು ಬರೆಯಿರಿ. ಹುಡುಗ ಏನು ಮಾಡಿದ್ದಾನೆ, ಹೇಳಿ.

ಗದಗ: ಹೊಸ ಬಸ್‌ಸ್ಟ್ಯಾಂಡಿನಲ್ಲಿ ಪಾಕೀಟು ಸಿಕ್ಕಿತ್ತು. ಒಳಗಿದ್ದ ಚೀಟಿಯ ನಂಬರಿಗೆ ಫೋನ್ ಮಾಡಿ, ಅವರು ಬರುವ ತನಕ ಅಲ್ಲೇ ಕೂತಿದ್ದ.

ಮೇಡಂ: ಇದನ್ನೇ ಬರೆಯಿರಿ! ಸಹಿ ಮಾಡುವ ಮೇಷ್ಟ್ರಿಗೂ ಈ ವಿಷಯ ಗೊತ್ತಿರಲಿ.

ಸಪ್ತಾಪುರ: ಫಾರ್ವರ್ಡ್ ಬಂದಿದೆ: ‘ರೈಟ್ + ಅಸ್ = ನಮ್ಮನ್ನು ಸರಿಪಡಿಸುವವನು. ಹೀಗೆ ದಿನಕ್ಕೆ 50 ಪದ ಕಲಿಯಿರಿ.’

ಮೇಡಂ: ಸುಳ್ಳು. ಹಳೇ ಇಂಗ್ಲಿಷಿನಲ್ಲಿ ಇದು ‘ರಿಹ್ಟ್‌ವೀಸ್’. ಕೊನೆಗೆ ಈಗಿನ ‘-eous’ ಬಾಲ ಅಂಟಿದ್ದು 16ನೇ ಶತಮಾನದಲ್ಲಿ. ಇಂಥವನ್ನು ಪರೀಕ್ಷೆಗೆ ಓದುವ ಮಕ್ಕಳಿಗೆ ಕಳಿಸಬೇಡಿ.

ಹಾವೇರಿ: ಕನ್ನಡ ಬೈಬಲ್‌ನಲ್ಲಿ ‘ನೀತಿವಂತ’ ಅಂತಿದೆ. ಅದೇ ಸರಿ.

ಸಪ್ತಾಪುರ: ‘ಧರ್ಮಿಷ್ಠ’ ಅನ್ನಬೇಕು.

ಹಾವೇರಿ: ಪೂಜೆ ಪುನಸ್ಕಾರ ಮಾಡುವವನಿಗೂ ಧರ್ಮಿಷ್ಠ ಅಂತಾರೆ. ಇಲ್ಲಿ ನಡತೆ ಮುಖ್ಯ ಸರ್.

ಸಪ್ತಾಪುರ: ನಿಮಗೆ ಧರ್ಮ ಅಂದರೆ ಪೂಜೆ ಮಾತ್ರಾನಾ? ಸುಮ್ನೆ ವಾದ ಬೇಡ.

ಹಾವೇರಿ: ಶುರು ಮಾಡಿದ್ದು ಯಾರು? ಆ ಸುಳ್ಳು ಫಾರ್ವರ್ಡ್ ಮೊದಲು ಡಿಲೀಟ್ ಮಾಡಿ.

ಸಪ್ತಾಪುರ: ನೀವು ಅಡ್ಮಿನ್ ಅಲ್ಲ.

ಬ್ಯಾಡಗಿ: ‘ರೈಟಿಯಸ್’ ಅನ್ನಬೇಕಾ, ‘ರೈಚಸ್’ ಅನ್ನಬೇಕಾ?

ಮೇಡಂ: ರೈಚಸ್.

ಉಣಕಲ್: ಉಚ್ಚಾರ ರೈಟಿಯಸ್ ಅಲ್ವಾ ಮೇಡಂ?

ಮೇಡಂ: ಮೇಲೆ ಓದಿ.

ನವಲಗುಂದ: ನನ್ನ ಪ್ರಶ್ನೆ ಹಾಗೇ ಉಳೀತು ರೀ.

ಹಾವೇರಿ: ಇನ್ನೂ ಡಿಲೀಟ್ ಆಗಿಲ್ಲ.

ಮೇಡಂ: ಇಬ್ಬರೂ ಬೇರೆ ಕಡೆ ಜಗಳ ಆಡಿ. ಗದಗದವರೇ, ಪತ್ರ ತಿದ್ದಿದ್ದರೆ ಇಲ್ಲೇ ಹಾಕಿ, ಕಳಿಸುವ ಮುಂಚೆ ಒಮ್ಮೆ ನೋಡುತ್ತೇನೆ.