ಸ್ಟೀಲ್ ಪಾತ್ರೆಯ ಗೀರು: ಪಾಲಿಶ್ ಕೆಲಸದವರನ್ನು ಕೇಳಿ

ಗುಂಪಿನ ನಿರ್ವಾಹಕಿ: ಸ್ಟೀಲ್‌ಗೆ ಪಾಲಿಶ್, ಬಫಿಂಗ್ ಮಾಡುವ ನಮ್ಮ ಸದಸ್ಯರೊಬ್ಬರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ‘ಬಫಿಂಗ್ ಅಣ್ಣ’ ಅಂತ ಕರೆಯೋಣ. ಗೀರಿನ ಬಗ್ಗೆ ಮಾತ್ರ ಕೇಳಿ.

ಸೌಟು: ನಮಸ್ಕಾರ ಅಣ್ಣ. ಹೊಸ ಪಾತ್ರೆಯ ಒಳಗೆಲ್ಲಾ ಆಗಲೇ ಗೀರು. ಅಡುಗೆಗೆ ವಿಷ ಇಳಿಯುತ್ತಾ?

ಬಫಿಂಗ್ ಅಣ್ಣ: ನಮಸ್ಕಾರ. ಇಲ್ಲ ಮೇಡಂ. ಇದು ನಾನ್‌ಸ್ಟಿಕ್ ಅಲ್ಲ, ಕಿತ್ತು ಬರೋಕೆ ಮೇಲೆ ಬಳಿದ ಲೇಪ ಏನೂ ಇಲ್ಲ. ಸ್ಟೀಲ್‌ನಲ್ಲಿರುವ ಕ್ರೋಮಿಯಂ ಗಾಳಿ ತಾಗಿದ ಕೂಡಲೇ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟುತ್ತದೆ. ತುಕ್ಕು ತಡೆಯೋದು ಅದೇ. ಗೀರು ಬಿದ್ದ ಜಾಗದಲ್ಲೂ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ತಡೆಯದಿದ್ದರೆ ನೋಟ ಕೆಟ್ಟಿದೆ, ಅಷ್ಟೇ. ತಡೆದರೆ ಆಳ ಇದೆ, ಅಲ್ಲಿ ಜಿಡ್ಡು ಕೂರುತ್ತದೆ, ತೊಳೆಯುವಾಗ ಗಮನ ಇರಲಿ.

ಕಿಟಕಿ ಪಕ್ಕ: ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಮಾಯ ಅಂತ ವಿಡಿಯೋ ಬಂದಿದೆ. ನಿಜನಾ?

ಬಫಿಂಗ್ ಅಣ್ಣ: ಕಲೆ ಹೋಗಬಹುದು. ಗೀರು ಹೋಗಲ್ಲ. ಗೀರು ಹೋಗಬೇಕಾದರೆ ಅದರ ಸುತ್ತಲಿನ ಲೋಹವನ್ನೇ ಅದರ ಆಳದವರೆಗೆ ಸವೆಸಬೇಕು. ಪೇಸ್ಟ್‌ಗೆ ಆ ತಾಕತ್ತಿಲ್ಲ.

ಉಪ್ಪಿನ ಡಬ್ಬಿ: ನನ್ನ ಪಾತ್ರೆಯ ತಳದಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕಿ. ಉಜ್ಜಿದರೂ ಹೋಗ್ತಿಲ್ಲ.

ಬಫಿಂಗ್ ಅಣ್ಣ: ಅದು ಗೀರಲ್ಲ, ಉಪ್ಪು ತಿಂದ ಗುಳಿ. ತಣ್ಣೀರಿಗೆ ಉಪ್ಪು ಹಾಕಿದರೆ ಕರಗದೆ ತಳದಲ್ಲಿ ಕೂತು ಪೊರೆಯನ್ನು ಕೊರೆಯುತ್ತದೆ. ನೀರು ಕುದಿ ಬಂದ ಮೇಲೆ ಹಾಕಿ, ಕೂಡಲೇ ಕಲಕಿ. ಬಿದ್ದ ಗುಳಿ ತುಂಬಲ್ಲ. ಪಾತ್ರೆ ಬಳಸಬಹುದು.

ಮೂರು ಪದರ: ಸರ್, ನನ್ನದು ಟ್ರೈಪ್ಲೈ ಬಾಣಲೆ. ಒಳಗೆ ಆಳದ ಗೀರಿತ್ತು. ಫಾರ್ವರ್ಡ್ ನೋಡಿ ಡ್ರಿಲ್ ಮಷೀನಿಗೆ 80 ನಂಬರ್ ಮರಳು ಕಾಗದದ ಚಕ್ರ ಹಾಕಿ ಉಜ್ಜಿದೆ. ಗೀರು ಹೋಯ್ತು. ಆದರೆ ಅಲ್ಲಿ ಅಂಗೈ ಅಗಲ ಬೂದು ಬಣ್ಣ ಬಂದಿದೆ. ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಅಂಟುತ್ತೆ. ಮತ್ತೆ ಹೊಳಪು ತರೋದು ಹೇಗೆ?

ಬಫಿಂಗ್ ಅಣ್ಣ: ಹೊಳಪಿನ ಮಾತು ಆಮೇಲೆ. ಆ ಬಾಣಲೆಯಲ್ಲಿ ಅಡುಗೆ ಸದ್ಯಕ್ಕೆ ನಿಲ್ಲಿಸಿ.

ಟ್ರೈಪ್ಲೈ ಅಂದರೆ ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯೂಮಿನಿಯಂ. ಒಳಗಿನ ಸ್ಟೀಲ್ ಹಾಳೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು, ಕೆಲವದರಲ್ಲಿ ಇನ್ನೂ ತೆಳು. 80 ನಂಬರ್ ಅಂದರೆ ದಪ್ಪ ಮರಳು. ಡ್ರಿಲ್‌ನಲ್ಲಿ ಒಂದೇ ಕಡೆ ಒತ್ತಿ ಹಿಡಿದರೆ ಅಲ್ಯೂಮಿನಿಯಂ ಬಯಲಾಗಿರಬಹುದು. ಬಟ್ಟೆಗೆ ಅಂಟುವ ಕಪ್ಪು ಬರೀ ಸವೆದ ಪುಡಿಯೂ ಇರಬಹುದು. ಅದಕ್ಕೇ ಮೊದಲು ಸೋಪು ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಿ. ಆಮೇಲೆ ಹಗಲು ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಬೂದು ಜಾಗದ ಸುತ್ತ ತೆಳ್ಳಗೆ ಒಂದು ಅಂಚು, ಅದರೊಳಗೆ ಬೇರೆಯೇ ಬಿಳಿಚು ಲೋಹ ಕಂಡರೆ ಸ್ಟೀಲ್ ಹಾಳೆ ಮುಗಿದಿದೆ ಅಂತ ಅರ್ಥ.

ಅನುಮಾನ ಉಳಿದರೆ ವಾಷಿಂಗ್ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ಅಲ್ಲಿ ನಾಲ್ಕು ಹನಿ ಬಿಡಿ. ಅಡುಗೆ ಸೋಡಾ ಅಲ್ಲ. ಸ್ಟೀಲ್ ಸುಮ್ನೆ ಇರುತ್ತದೆ. ಅಲ್ಯೂಮಿನಿಯಂ ಆದರೆ ಸಣ್ಣ ಗುಳ್ಳೆ ಏಳುತ್ತದೆ, ಬಣ್ಣ ಕಪ್ಪಾಗುತ್ತದೆ. ಕೈಗೆ ತಾಗಿಸಿಕೊಳ್ಳಬೇಡಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಅಲ್ಯೂಮಿನಿಯಂ ಪಾತ್ರೆಯಲ್ಲೂ ಅಡುಗೆ ಮಾಡ್ತಾರಲ್ಲ ಅಂತೀರಿ. ಇಲ್ಲಿ ಅದು ಸ್ಟೀಲ್‌ಗೆ ಅಂಟಿಕೊಂಡಿದೆ. ಉಪ್ಪು, ಹುಳಿ ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಆಗಿ, ಸವೆಯುವುದು ಅಲ್ಯೂಮಿನಿಯಂ. ಹಾಳೆಯ ಕೆಳಗೆ ಗುಳಿ ಬೆಳೆಯುತ್ತಾ ಹೋಗುತ್ತದೆ. ಮನೆಯಲ್ಲಿ ಸರಿ ಮಾಡೋಕೆ ಆಗಲ್ಲ. ನನ್ನ ಕೈಯಲ್ಲೂ ಆಗಲ್ಲ.

ಮೂರು ಪದರ: ಆಯಸ್ಕಾಂತ ಇಟ್ಟು ನೋಡಿದೆ ಸರ್, ಒಳಗಿನಿಂದ ಹಿಡೀತಿದೆ. ಅಂದರೆ ಸ್ಟೀಲ್ ಇನ್ನೂ ಇದೆ ಅಲ್ವಾ?

ಗಟ್ಟಿ ತಳ: ಆಯಸ್ಕಾಂತ ಹಿಡಿದರೆ ಅದು ಕಳಪೆ ಸ್ಟೀಲ್. ಒಳ್ಳೇದು ಹಿಡಿಯೋದೇ ಇಲ್ಲ. ಬಾಣಲೆ ಮೊದಲಿಂದಲೂ ಡೂಪ್ಲಿಕೇಟ್.

ಸೌಟು: ಹಾಗಾದರೆ ಇಂಡಕ್ಷನ್ ಒಲೆ ಮೇಲೆ ಇಡೋ ಪಾತ್ರೆ ಎಲ್ಲಾ ಕಳಪೆನಾ? ಗೊತ್ತಿಲ್ಲದೆ ಹೆದರಿಸಬೇಡಿ.

ಗಟ್ಟಿ ತಳ: ಗೊತ್ತಿರೋದಕ್ಕೇ ಹೇಳ್ತಿರೋದು. ಓದಿ ಮಾತಾಡಿ.

ಮಣ್ಣಿನ ಮಡಕೆ: ಇದಕ್ಕೇ ನಾನು ಹೇಳೋದು, ಸ್ಟೀಲ್ ಬಿಟ್ಟು ಮಣ್ಣಿನ ಪಾತ್ರೆಗೆ ಬನ್ನಿ ಅಂತ.

ಸೌಟು: ಯಾರು ಕೇಳಿದ್ರು ನಿಮ್ಮನ್ನ?

ಬಫಿಂಗ್ ಅಣ್ಣ: ಇಬ್ಬರೂ ಸ್ವಲ್ಪ ನಿಲ್ಲಿಸಿ. 304 ಸ್ಟೀಲ್, ಅಂದರೆ ಸುಮಾರು ಶೇಕಡಾ 18 ಕ್ರೋಮಿಯಂ, ಶೇಕಡಾ 8 ನಿಕಲ್ ಇರೋದು, ಆಯಸ್ಕಾಂತಕ್ಕೆ ಅಂಟಲ್ಲ. ಬಗ್ಗಿಸಿ ಎಳೆದ ಕಡೆ ಅದೂ ಸ್ವಲ್ಪ ಅಂಟುತ್ತದೆ. 430 ಅನ್ನೋ ಇನ್ನೊಂದು ಬಗೆಯ ಸ್ಟೀಲ್ ಪೂರ್ತಿ ಅಂಟುತ್ತದೆ. ಇಂಡಕ್ಷನ್‌ಗೆ ಅಂತ ಟ್ರೈಪ್ಲೈ ಹೊರಗೆ ಬೇಕೆಂದೇ ಅಂಥದ್ದನ್ನು ಹಾಕುತ್ತಾರೆ. ಮೂರು ಪದರದವರೇ, ನಿಮ್ಮ ಆಯಸ್ಕಾಂತ ಹಿಡಿದದ್ದು ಹೊರಗಿನ ಹಾಳೆಯನ್ನು. ಒಳಗಿನದ್ದರ ಬಗ್ಗೆ ಅದು ಏನೂ ಹೇಳಲ್ಲ. ಸೋಡಾ ಪರೀಕ್ಷೆ ಮಾಡಿ.

ಹೊಳಪು: ಹೊರಗಿನ ಗೀರಾದರೂ ನಾವೇ ತೆಗೀಬಹುದಾ?

ಬಫಿಂಗ್ ಅಣ್ಣ: ಕನ್ನಡಿ ಹೊಳಪಿನದ್ದಾದರೆ ಮುಟ್ಟಬೇಡಿ, ಮಸುಕಾಗುತ್ತದೆ. ಗೆರೆ ಗೆರೆ ಫಿನಿಶ್ ಇದ್ದರೆ 400, 600, 800 ಹೀಗೆ ನಯ ಹೆಚ್ಚಿಸುತ್ತಾ ಒದ್ದೆ ಎಮರಿ ಕಾಗದದಲ್ಲಿ, ಇರುವ ಗೆರೆಯ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದರೆ ಹೊಸ ಗೀರು. ಕಬ್ಬಿಣದ ನಾರು ಬೇಡ. ಅದರ ಚೂರು ಉಳಿದು ತುಕ್ಕು ಹಿಡಿಯುತ್ತದೆ, ಆಮೇಲೆ ಸ್ಟೀಲ್‌ಗೇ ತುಕ್ಕು ಬಂತು ಅಂತ ಬರುತ್ತೀರಿ.

ಮನೆಮದ್ದು: ಎಲ್ಲರಿಗೂ ಉಪಯೋಗ ಆಗಲಿ ಅಂತ, ಬಂದದ್ದನ್ನು ಹಾಗೇ ಹಾಕ್ತಿದ್ದೀನಿ: ‘ಬ್ಲೀಚ್‌ನಲ್ಲಿ ರಾತ್ರಿ ಪೂರ್ತಿ ನೆನೆಸಿ, ಬೆಳಗ್ಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರೆ ಗೀರು ಕರಗಿ ಹೋಗುತ್ತದೆ.’

ಬಫಿಂಗ್ ಅಣ್ಣ: ಯಾರೂ ಮಾಡಬೇಡಿ. ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದನ್ನು ಉಸಿರಾಡಿದರೆ ಪ್ರಾಣಕ್ಕೇ ಕುತ್ತು. ಗೀರು ಕರಗೋದಿಲ್ಲ, ಸ್ಟೀಲ್ ತೂತು ಬೀಳುತ್ತದೆ. ನಿರ್ವಾಹಕರೇ, ಇದನ್ನು ತೆಗೀರಿ. ಕಳಿಸೋ ಮುಂಚೆ ಒಂದು ಸಲ ಓದೋಕೆ ಏನು ಕಷ್ಟ?

ಮನೆಮದ್ದು: ನಾನು ಬರೆದದ್ದಲ್ಲ, ಬಂದದ್ದು ಹಾಕಿದೆ. ಅಷ್ಟಕ್ಕೇ ಕೂಗಾಡಬೇಕಾ?

ಗುಂಪಿನ ನಿರ್ವಾಹಕಿ: ತೆಗೆದಿದ್ದೇನೆ. ದಯವಿಟ್ಟು ಜಗಳ ಬೇಡ.

ರಿವೆಟ್: ಹಿಡಿಕೆಯ ರಿವೆಟ್ ಸುತ್ತ ಕಪ್ಪು ಕೂತಿದೆ, ಏನು ಮಾಡಲಿ?

ಹೊಸಬಳು: ಕಾಮನಬಿಲ್ಲಿನ ಬಣ್ಣ ಬಂದಿದೆ. ಇದೂ ಗೀರಾ?

ಬಫಿಂಗ್ ಅಣ್ಣ: ಅಲ್ಲ. ಕಾವು ಜಾಸ್ತಿಯಾಗಿ ಪೊರೆ ದಪ್ಪ ಆಗಿದೆ. ವಿನೆಗರ್‌ನಲ್ಲಿ ಒರೆಸಿ, ತೊಳೆಯಿರಿ.

ಮಾತುಗಾರ: ಅಣ್ಣ, ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತಾ?

ಬಫಿಂಗ್ ಅಣ್ಣ: ಮೇಲೆ ಓದಿ.

ಗಟ್ಟಿ ತಳ: 430 ಕಳಪೆ ಅನ್ನೋದನ್ನ ಇವರೂ ಇಲ್ಲ ಅಂದಿಲ್ಲ, ಗಮನಿಸಿ.

ಸೌಟು: ಇನ್ನೂ ಬಿಟ್ಟಿಲ್ವಾ ನೀವು?

ಮೂರು ಪದರ: ಸೋಡಾ ಹಾಕಿದೆ ಸರ್. ಮಧ್ಯದಲ್ಲಿ ಗುಳ್ಳೆ ಬಂತು, ಅಲ್ಲೇ ಕಪ್ಪಾಯ್ತು. ಸುತ್ತಲಿನ ಜಾಗದಲ್ಲಿ ಏನೂ ಆಗಿಲ್ಲ.

ಬಫಿಂಗ್ ಅಣ್ಣ: ಹಾಗಾದರೆ ತೂತಾದದ್ದು ಸ್ಟೀಲ್ ಹಾಳೆಯೇ. ಅಡುಗೆಗೆ ಬೇಡ, ಗುಜರಿಗೆ ಹಾಕಿ. ಮುಚ್ಚಳ ಇಟ್ಟುಕೊಳ್ಳಿ, ಬೇರೆ ಪಾತ್ರೆಗೆ ಆಗುತ್ತದೆ.